ಚೇತರಿಕೆಗೆ ಸಾಕ್ಷಿ ಯಾರು?



ಕಾಯಿಲೆ ಬಿಟ್ಟುಹೋಗುವುದನ್ನು ಹೇಳಲು ಕನ್ನಡದಲ್ಲಿ ಎರಡು ಮಾತುಗಳಿವೆ: ‘ಗುಣವಾಗುವುದು’ ಮತ್ತು ‘ಚೇತರಿಸಿಕೊಳ್ಳುವುದು’. ವೈದ್ಯರು ರೋಗಿಯನ್ನು ಗುಣಪಡಿಸಿದರು ಎನ್ನಬಹುದು. ಆದರೆ ವೈದ್ಯರು ರೋಗಿಯನ್ನು ಚೇತರಿಸಿದರು ಎಂದು ಯಾರೂ ಹೇಳುವುದಿಲ್ಲ. ಚೇತರಿಸಿಕೊಳ್ಳುವ ಕ್ರಿಯೆಗೆ ಕಾಯಿಲೆಬಿದ್ದವರೇ ಕರ್ತೃ. ಉಳಿದವರು ನೆರವಾಗಬಹುದು, ಅಡ್ಡಿಯಾಗಬಹುದು, ಅಷ್ಟೆ. ಜ್ವರದಿಂದ ಮಗು ಚೇತರಿಸಿಕೊಳ್ಳುತ್ತದೆ, ಹೆರಿಗೆಯಿಂದ ಬಾಣಂತಿ ಚೇತರಿಸಿಕೊಳ್ಳುತ್ತಾಳೆ, ಬರಗಾಲದಿಂದ ಊರು ಚೇತರಿಸಿಕೊಳ್ಳುತ್ತದೆ. ಆದರೆ ಸ್ಕಿಜೋಫ್ರೇನಿಯಾದಂತಹ ತೀವ್ರ ಮಾನಸಿಕ ಕಾಯಿಲೆಯ ಮಾತು ಬಂದಾಗ ಕನ್ನಡ ಮನೆಗಳಲ್ಲಿ ಈ ಪದ ಕೇಳಿಬರುವುದು ಅಪರೂಪ. ಅಲ್ಲಿ ‘ಈಗ ಸ್ವಲ್ಪ ಹತೋಟಿಯಲ್ಲಿದೆ’ ಎಂದು ಧ್ವನಿ ತಗ್ಗಿಸಿ ಹೇಳುವುದೇ ವಾಡಿಕೆ. ಈ ವಿಷಯದಲ್ಲಿ ಆಸ್ಪತ್ರೆಯ ಭಾಷೆಗೂ ಮನೆಯ ಭಾಷೆಗೂ ಹೆಚ್ಚಿನ ವ್ಯತ್ಯಾಸವಿಲ್ಲ. ಎರಡು ಕಡೆಯೂ ಕಾಯಿಲೆಗೆ ಸಾಕ್ಷಿಗಳು ಬೇಕಾದಷ್ಟಿದ್ದಾರೆ, ಚೇತರಿಕೆಗೆ ಸಾಕ್ಷಿ ಹೇಳುವವರು ವಿರಳ. ಮಹಾನಗರ ಟೊರೊಂಟೊದ ಆಸ್ಪತ್ರೆಯೊಂದರಲ್ಲಿ ತರಬೇತಿ ಪಡೆಯುವ ನರ್ಸಿಂಗ್ ವಿದ್ಯಾರ್ಥಿನಿಯ ಕಣ್ಣಿನಿಂದ ಈ ಕೊರತೆಯನ್ನು ಪರಿಶೀಲಿಸುವುದು ಈ ಉಪನ್ಯಾಸದ ಉದ್ದೇಶ.

ಒಂಟಾರಿಯೊದಲ್ಲಿ 2005ರಿಂದ ನೋಂದಾಯಿತ ನರ್ಸ್ ಆಗಬೇಕಾದರೆ ಪದವಿ ಕಡ್ಡಾಯ. ಆ ಓದಿನ ನಡುವೆ ಕೆಲವು ವಾರಗಳನ್ನು ಮನೋರೋಗ ವಾರ್ಡಿನಲ್ಲಿ ಕಳೆಯುವ ವಿದ್ಯಾರ್ಥಿನಿಗೆ ಅಲ್ಲಿ ಎದುರಾಗುವುದು ಮನುಷ್ಯರ ಬದುಕಿನ ಅತ್ಯಂತ ಕೆಟ್ಟ ಗಳಿಗೆಗಳು. ಪ್ರಾಂತದ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ ವೈದ್ಯರೊಬ್ಬರು ಫಾರ್ಮ್ 1ಕ್ಕೆ ಸಹಿ ಹಾಕಿದರೆ ಒಬ್ಬ ವ್ಯಕ್ತಿಯನ್ನು ಪರೀಕ್ಷೆಗಾಗಿ 72 ಗಂಟೆಗಳವರೆಗೆ, ಅವರ ಇಚ್ಛೆಗೆ ವಿರುದ್ಧವಾಗಿಯೂ, ಆಸ್ಪತ್ರೆಯಲ್ಲಿ ಇರಿಸಿಕೊಳ್ಳಬಹುದು. ಹಾಗೆ ಬಂದವರ ಭಯ, ಸಿಟ್ಟು, ನಿದ್ದೆಗೆಟ್ಟ ಕಣ್ಣು, ಯಾರಿಗೂ ಕೇಳಿಸದ ದನಿಗಳಿಗೆ ಕೊಡುವ ಉತ್ತರ, ಇವೆಲ್ಲ ಅವಳ ಮೊದಲ ಪಾಠಗಳು. ಕೆಲವು ದಿನಗಳ ನಂತರ ಅದೇ ವ್ಯಕ್ತಿ ನಿದ್ದೆ ಮಾಡತೊಡಗಿ, ಊಟದ ರುಚಿಯ ಬಗ್ಗೆ ಮಾತಾಡತೊಡಗಿದರೆ, ಆ ಹಾಸಿಗೆ ಇನ್ನೊಬ್ಬರಿಗೆ ಬೇಕಾಗಿರುತ್ತದೆ. ಸುಧಾರಿಸುತ್ತಿದ್ದಂತೆಯೇ ಅವರು ಅವಳ ಕಣ್ಣಿನಿಂದ ಮರೆಯಾಗುತ್ತಾರೆ. ಮತ್ತೆ ಕಾಯಿಲೆ ಮರುಕಳಿಸಿದವರು ಮಾತ್ರ ಅದೇ ಬಾಗಿಲಿನಿಂದ ಒಳಗೆ ಬರುತ್ತಾರೆ. ಮರಳಿ ಬಾರದವರು ಎಲ್ಲಿ ಹೋದರು, ಯಾವ ಕೆಲಸ ಹಿಡಿದರು, ಯಾರೊಂದಿಗೆ ಬಾಳುತ್ತಿದ್ದಾರೆ ಎಂಬುದನ್ನು ವಾರ್ಡಿನ ಕಡತ ಹೇಳುವುದಿಲ್ಲ. ಹೀಗಾಗಿ ಆ ಕೆಲವು ವಾರಗಳಲ್ಲಿ ಅವಳು ಯಾರೂ ಕಲಿಸದ ಒಂದು ಪಾಠವನ್ನು ಕಲಿತುಬಿಡುವ ಅಪಾಯವಿದೆ: ಇಲ್ಲಿಗೆ ಬಂದವರು ಚೇತರಿಸಿಕೊಳ್ಳುವುದಿಲ್ಲ.

ಈ ತಪ್ಪು ಗ್ರಹಿಕೆಗೆ ಪೆಟ್ರೀಷಿಯಾ ಕೋಹೆನ್ ಮತ್ತು ಜೇಕಬ್ ಕೋಹೆನ್ ಎಂಬ ಸಂಶೋಧಕರು 1984ರಲ್ಲಿಯೇ ‘ಚಿಕಿತ್ಸಕರ ಭ್ರಮೆ’ ಎಂದು ಹೆಸರಿಟ್ಟರು. ದೀರ್ಘಕಾಲ ಕಾಯಿಲೆಯಲ್ಲಿ ಇರುವವರೇ ಆಸ್ಪತ್ರೆಯಲ್ಲಿ ಹೆಚ್ಚು ಕಾಣಿಸಿಕೊಳ್ಳುತ್ತಾರೆ. ಅವರನ್ನು ಕಂಡ ಚಿಕಿತ್ಸಕರು ಎಲ್ಲರ ಹಣೆಬರಹವೂ ಇಷ್ಟೇ ಎಂದು ನಂಬುತ್ತಾರೆ ಎಂಬುದು ಅವರ ವಾದ. ಮೂರು ವರ್ಷಗಳ ನಂತರ, 1987ರಲ್ಲಿ, ಕೋರ್ಟ್ನಿ ಹಾರ್ಡಿಂಗ್ ಮತ್ತು ಸಂಗಡಿಗರು ಅಮೆರಿಕದ ವರ್ಮಾಂಟ್ ರಾಜ್ಯದ ಅಧ್ಯಯನವನ್ನು ಪ್ರಕಟಿಸಿದರು. ಅಲ್ಲಿನ ಸರ್ಕಾರಿ ಮನೋರೋಗ ಆಸ್ಪತ್ರೆಯ ಹಿಂದಿನ ವಾರ್ಡುಗಳಲ್ಲಿ ವರ್ಷಗಟ್ಟಲೆ ಉಳಿದುಹೋಗಿದ್ದ, ಇನ್ನು ಇವರಿಂದ ಏನೂ ಆಗದು ಎಂದು ಕೈಬಿಟ್ಟಿದ್ದ 269 ಮಂದಿಯನ್ನು 1950ರ ದಶಕದಲ್ಲಿ ಪುನರ್ವಸತಿಯ ಯೋಜನೆಯೊಂದಿಗೆ ಹೊರಗೆ ಕಳಿಸಲಾಗಿತ್ತು. ಸುಮಾರು ಮೂರು ದಶಕಗಳ ನಂತರ ಅವರನ್ನು ಹುಡುಕಿಕೊಂಡು ಹೋದಾಗ, ಅರ್ಧದಿಂದ ಮೂರನೇ ಎರಡು ಭಾಗದಷ್ಟು ಜನ ಗಣನೀಯವಾಗಿ ಸುಧಾರಿಸಿದ್ದರು ಅಥವಾ ಪೂರ್ಣ ಚೇತರಿಸಿಕೊಂಡಿದ್ದರು. ಯಾರೂ ಅವರ ಹಿಂದೆ ಹೋಗದಿದ್ದರೆ ಆಸ್ಪತ್ರೆಯ ನೆನಪಿನಲ್ಲಿ ಅವರು ‘ಆಸೆಯಿಲ್ಲದವರು’ ಎಂದೇ ಉಳಿಯುತ್ತಿದ್ದರು. ಎಲ್ಲರೂ ಚೇತರಿಸಿಕೊಂಡರೆಂದು ಈ ಅಧ್ಯಯನ ಹೇಳುವುದಿಲ್ಲ. ಯಾರು ಚೇತರಿಸಿಕೊಳ್ಳುತ್ತಾರೆ, ಯಾರು ಇಲ್ಲ ಎಂಬುದನ್ನು ಕಾಯಿಲೆಯ ತೀವ್ರ ಗಳಿಗೆಯಲ್ಲಿ ನಿಂತು ತೀರ್ಮಾನಿಸಲಾಗದು ಎಂಬುದೇ ಅದರ ಸಾರ.

ಟೊರೊಂಟೊ ನಗರದಲ್ಲಿ ಈ ಸಾಕ್ಷ್ಯದ ಪ್ರಶ್ನೆಗೆ ಇಟ್ಟಿಗೆಯ ರೂಪವೂ ಇದೆ. ಕ್ವೀನ್ ಸ್ಟ್ರೀಟ್ ವೆಸ್ಟ್‌ನ 999ನೆಯ ಸಂಖ್ಯೆಯಲ್ಲಿ 1850ರಲ್ಲಿ ಪ್ರಾಂತದ ಹುಚ್ಚಾಸ್ಪತ್ರೆ ತೆರೆಯಿತು. ಮುಂದೆ ಆ ಸಂಖ್ಯೆಯೇ ಬೈಗುಳವಾಯಿತು; ಬೆಂಗಳೂರಿನಲ್ಲಿ ಜಗಳದ ನಡುವೆ ‘ನಿನ್ನನ್ನು ನಿಮ್ಹಾನ್ಸ್‌ಗೆ ಸೇರಿಸಬೇಕು’ ಎಂದಂತೆಯೇ ಇಲ್ಲಿ ‘999’ ಎಂದರೆ ಸಾಕಿತ್ತು. ಹಳೆಯ ಕಟ್ಟಡವನ್ನು 1970ರ ದಶಕದಲ್ಲಿ ಕೆಡವಿದರು, ಬಾಗಿಲ ಸಂಖ್ಯೆಯನ್ನು 1001 ಎಂದು ಬದಲಿಸಿದರು. 1998ರಲ್ಲಿ ನಾಲ್ಕು ಸಂಸ್ಥೆಗಳು ಒಂದಾಗಿ ವ್ಯಸನ ಮತ್ತು ಮಾನಸಿಕ ಆರೋಗ್ಯ ಕೇಂದ್ರವಾಯಿತು. ಕ್ಯಾಮ್ಎಚ್ ಎಂಬ ಮೊಟಕು ಹೆಸರಿನಿಂದ ಅದು ಇಂದು ಪರಿಚಿತ. ಆದರೆ ಆವರಣದ ಹಳೆಯ ಗೋಡೆ ಈಗಲೂ ನಿಂತಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅದನ್ನು ಕಟ್ಟಿದವರು ಅಲ್ಲಿ ಬಂಧಿಗಳಾಗಿದ್ದ ರೋಗಿಗಳೇ, ಅದೂ ಕೂಲಿಯಿಲ್ಲದೆ. ಈ ಸತ್ಯವನ್ನು ನಗರದ ಸ್ಮೃತಿಗೆ ತಂದವರಲ್ಲಿ ಮುಖ್ಯರಾದವರು ಇತಿಹಾಸಕಾರ ಜೆಫ್ರಿ ರೋಮ್. ತಾವೂ ಎಳೆಯ ವಯಸ್ಸಿನಲ್ಲಿ ಮನೋರೋಗ ಆಸ್ಪತ್ರೆಯಲ್ಲಿ ರೋಗಿಯಾಗಿದ್ದ ಅವರು 2000ದಲ್ಲಿ ಪ್ರಕಟಿಸಿದ ಗ್ರಂಥ, 1870ರಿಂದ 1940ರವರೆಗಿನ ಈ ಆಸ್ಪತ್ರೆಯ ರೋಗಿಗಳ ದಿನಚರಿಯನ್ನು ಕಟ್ಟಿಕೊಡುತ್ತದೆ. ಬಟ್ಟೆ ಒಗೆದವರು, ಹೊಲಿದವರು, ಗೋಡೆ ಕಟ್ಟಿದವರು ಅಲ್ಲಿ ಮನುಷ್ಯರಾಗಿ ಎದ್ದು ಬರುತ್ತಾರೆ. ಗೋಡೆಯ ಮೇಲೆ ಅವರ ದುಡಿಮೆಯನ್ನು ನೆನೆಯುವ ಫಲಕಗಳು 2010ರಲ್ಲಿ ಬಂದವು.

ನರ್ಸಿಂಗ್ ವಿದ್ಯಾರ್ಥಿನಿಗೆ ಈ ಇತಿಹಾಸ ಏಕೆ ಮುಖ್ಯ? ರೋಮ್ ಅವರ ಆಧಾರಗಳಲ್ಲಿ ಬಹುಪಾಲು ಆಸ್ಪತ್ರೆಯ ಕಡತಗಳೇ. ಅಂದಿನ ವೈದ್ಯರು, ಶುಶ್ರೂಷಕರು ನಿತ್ಯದ ಕೆಲಸವೆಂದು ಬರೆದಿಟ್ಟ ಟಿಪ್ಪಣಿಗಳೇ ಆ ಜನರ ಬದುಕಿಗೆ ಉಳಿದ ಸಾಕ್ಷ್ಯ. ಇಂದು ಅವಳು ಪಾಳಿಯ ಕೊನೆಗೆ ಗಣಕಯಂತ್ರದಲ್ಲಿ ಬರೆಯುವ ನಾಲ್ಕು ಸಾಲಿಗೂ ಅದೇ ತೂಕವಿದೆ. ‘ಸಹಕರಿಸುತ್ತಿಲ್ಲ’, ‘ತನಗೆ ಕಾಯಿಲೆಯಿದೆ ಎಂಬ ಅರಿವಿಲ್ಲ’, ‘ಮಾತ್ರೆ ನಿರಾಕರಿಸಿದರು’ ಎಂಬ ಮಾತುಗಳು ಒಂದು ಕಡತದಿಂದ ಇನ್ನೊಂದಕ್ಕೆ ನಕಲಾಗುತ್ತ ವರ್ಷಗಟ್ಟಲೆ ವ್ಯಕ್ತಿಯನ್ನು ಹಿಂಬಾಲಿಸುತ್ತವೆ. ಮಾತ್ರೆಯಿಂದ ಕೈ ನಡುಗುತ್ತದೆ, ಕೈ ನಡುಗಿದರೆ ಕೆಲಸ ಹೋಗುತ್ತದೆ ಎಂಬ ಕಾರಣ ಮಾತ್ರ ಹಿಂಬಾಲಿಸುವುದಿಲ್ಲ. ಕಾರಣವನ್ನು ಕೇಳಿ ಬರೆಯುವುದು ಚೇತರಿಕೆಗೆ ಸಾಕ್ಷಿಯಾಗುವ ಮೊದಲ ಹೆಜ್ಜೆ.

ವಾರ್ಡಿನಲ್ಲಿಯೂ ಚೇತರಿಕೆಯ ಗುರುತುಗಳು ಇಲ್ಲದಿಲ್ಲ. ಆದರೆ ಅವು ಸಣ್ಣವು, ಹುಡುಕುವ ಕಣ್ಣಿಗಷ್ಟೇ ಕಾಣುವಂಥವು. ವಾರವಿಡೀ ಗೋಡೆಗೆ ಮುಖಮಾಡಿ ಮಲಗಿದ್ದವರು ಕಿಟಕಿಯ ಕಡೆ ತಿರುಗುತ್ತಾರೆ. ತಲೆ ಬಾಚಿಕೊಳ್ಳಲು ಕನ್ನಡಿ ಕೇಳುತ್ತಾರೆ. ಒಂದು ದಿನ ವಿದ್ಯಾರ್ಥಿನಿಯನ್ನೇ ‘ನಿನ್ನ ಊಟವಾಯಿತೇ?’ ಎಂದು ವಿಚಾರಿಸುತ್ತಾರೆ. ಆರೈಕೆ ಪಡೆಯುತ್ತಿದ್ದವರು ಇನ್ನೊಬ್ಬರ ಆರೈಕೆಗೆ ಮನಸ್ಸು ಮಾಡಿದ ಆ ಗಳಿಗೆ ಯಾವ ಅಳತೆಪಟ್ಟಿಯಲ್ಲಿಯೂ ದಾಖಲಾಗುವುದಿಲ್ಲ. ಮನೋರೋಗ ಶುಶ್ರೂಷೆಗೆ ಅಡಿಪಾಯ ಹಾಕಿದ ಹಿಲ್ಡೆಗಾರ್ಡ್ ಪೆಪ್ಲಾವ್ 1952ರ ತಮ್ಮ ಗ್ರಂಥದಲ್ಲಿ, ಶುಶ್ರೂಷೆಯೆಂದರೆ ಇಬ್ಬರು ಮನುಷ್ಯರ ನಡುವೆ ಬೆಳೆಯುವ ಸಂಬಂಧ, ಅದರಲ್ಲಿ ಇಬ್ಬರೂ ಬೆಳೆಯುತ್ತಾರೆ ಎಂದು ಪ್ರತಿಪಾದಿಸಿದರು. ಬ್ರಿಟನ್ನಿನ ಶುಶ್ರೂಷಾ ಪ್ರಾಧ್ಯಾಪಕ ಫಿಲ್ ಬಾರ್ಕರ್ ರೂಪಿಸಿದ ‘ಟೈಡಲ್ ಮಾದರಿ’ಯಂತೂ ಇನ್ನೂ ಮುಂದೆ ಹೋಗಿ, ವ್ಯಕ್ತಿಯ ಕಥೆಯನ್ನು ಅವರ ಸ್ವಂತ ಮಾತುಗಳಲ್ಲಿಯೇ ದಾಖಲಿಸಬೇಕೆಂದು ಕೇಳುತ್ತದೆ. ಇವೆರಡನ್ನೂ ನರ್ಸಿಂಗ್ ತರಗತಿಗಳಲ್ಲಿ ಓದಿಸಬಹುದು. ಆದರೆ ಸಿಬ್ಬಂದಿ ಸಾಲದ ಪಾಳಿಯಲ್ಲಿ ಒಬ್ಬರ ಬಳಿ ಅರ್ಧ ಗಂಟೆ ಕೂರುವುದು ಕೆಲಸಗಳ್ಳತನದಂತೆ ಕಾಣತೊಡಗುತ್ತದೆ. ಹಾಗಾಗಿ ಇದು ಬರಿಯ ಸದ್ಗುಣದ ಪ್ರಶ್ನೆಯಲ್ಲ, ದುಡಿಮೆಯ ಪರಿಸ್ಥಿತಿಯ ಪ್ರಶ್ನೆಯೂ ಹೌದು.

ಚೇತರಿಕೆಯ ದೊಡ್ಡ ಭಾಗ ನಡೆಯುವುದು ಆಸ್ಪತ್ರೆಯ ಹೊರಗೆ. ಇದೇ ನಗರದ ಎಟೋಬಿಕೋ ಭಾಗದಲ್ಲಿ 1890ರಲ್ಲಿ ತೆರೆದ ಲೇಕ್‌ಶೋರ್ ಮನೋರೋಗ ಆಸ್ಪತ್ರೆಯನ್ನು 1979ರಲ್ಲಿ ಮುಚ್ಚಲಾಯಿತು. ಅದರ ಹಳೆಯ ಕಟ್ಟಡಗಳಲ್ಲಿ ಇಂದು ಹಂಬರ್ ಸಂಸ್ಥೆಯ ತರಗತಿಗಳು ನಡೆಯುತ್ತವೆ. ಸಮೀಪದ ಸ್ಮಶಾನದಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳು ಮಣ್ಣಾಗಿದ್ದಾರೆ, ಬಹುತೇಕ ಹೆಸರಿನ ಕಲ್ಲೂ ಇಲ್ಲದೆ. ಆಸ್ಪತ್ರೆಗಳಿಂದ ಹೊರಬಂದ ಅನೇಕರು ಪಾರ್ಕ್‌ಡೇಲ್‌ನ ಕಳಪೆ ಬಾಡಿಗೆ ಕೋಣೆಗಳನ್ನು ಸೇರಿದರು. ಹಾಸಿಗೆಗಳನ್ನು ಕಡಿಮೆ ಮಾಡಿದ ಸರ್ಕಾರ, ಹೊರಗೆ ಅದಕ್ಕೆ ತಕ್ಕ ಮನೆಗಳನ್ನು ಕಟ್ಟಲಿಲ್ಲ. ಅಂತಹ ಒಂದು ಮನೆಯಲ್ಲಿ ಬದುಕಿದ ಪ್ಯಾಟ್ ಕಪೋನಿ 1992ರಲ್ಲಿ ಅಲ್ಲಿನ ಜೀವನವನ್ನು ಕುರಿತು ಪುಸ್ತಕ ಬರೆದರು. ಮುಂದೆ ನೂರಾರು ಮಂದಿಗೆ ದನಿಯಾಗುವ ನಾಯಕಿಯಾಗಿ ಬೆಳೆದರು, ದೇಶದ ಉನ್ನತ ನಾಗರಿಕ ಗೌರವವನ್ನೂ ಪಡೆದರು. ಅಲ್ಲಿನ ನಿವಾಸಿಗಳನ್ನು ನೆರೆಹೊರೆಯವರು ಕೀಳಾಗಿ ಕಂಡಾಗ, 1993ರಲ್ಲಿ ಅವರು ಬೀದಿಗಿಳಿದು ತಮ್ಮ ಹೆಮ್ಮೆಯ ದಿನವನ್ನು ಆಚರಿಸಿದರು. ಇಂದು ಹಲವು ದೇಶಗಳಲ್ಲಿ ‘ಮ್ಯಾಡ್ ಪ್ರೈಡ್’ ಎಂದು ನಡೆಯುವ ಚಳುವಳಿಯ ಮೂಲ ಅದು.

ಕೆಲಸವೂ ಚೇತರಿಕೆಯ ನೆಲವಾಯಿತು. 1987ರಲ್ಲಿ ಆರಂಭವಾದ ಎ-ವೇ ಎಕ್ಸ್‌ಪ್ರೆಸ್ ಎಂಬ ಕೊರಿಯರ್ ಸಂಸ್ಥೆಯಲ್ಲಿ, ಮಾನಸಿಕ ಕಾಯಿಲೆಯನ್ನು ದಾಟಿ ಬಂದವರೇ ಸಾರ್ವಜನಿಕ ಬಸ್ಸು ರೈಲುಗಳಲ್ಲಿ ಸಂಚರಿಸಿ ನಗರದಾದ್ಯಂತ ಕಾಗದಪತ್ರ ತಲುಪಿಸಿದರು. ಅದೇ ವರ್ಷ ಕ್ವೀನ್ ಸ್ಟ್ರೀಟ್ ಆಸ್ಪತ್ರೆಯ ನರ್ಸ್ ಲೀಸಾ ಬ್ರೌನ್, ರೋಗಿಗಳೆಂದು ಕರೆಸಿಕೊಂಡವರಲ್ಲಿದ್ದ ಕಲಾವಿದರನ್ನು ಗುರುತಿಸಿ ವರ್ಕ್‌ಮನ್ ರಂಗತಂಡವನ್ನು ಸ್ಥಾಪಿಸಿದರು. ಅದು ಬೆಳೆದು ವರ್ಕ್‌ಮನ್ ಆರ್ಟ್ಸ್ ಆಯಿತು. ವಾರ್ಡಿನಲ್ಲಿ ಕಂಡದ್ದನ್ನು ಕಾಯಿಲೆಯ ಲಕ್ಷಣವೆಂದು ಮಾತ್ರ ಓದದೆ, ಒಬ್ಬ ಮನುಷ್ಯರ ಸಾಮರ್ಥ್ಯವೆಂದೂ ಓದಲು ಒಬ್ಬ ನರ್ಸ್‌ಗೆ ಸಾಧ್ಯವಾದದ್ದರ ಫಲವಿದು.

ಅಂತಹ ಕಣ್ಣು ಸಿಗದೆ ಹೋದರೆ ಏನಾಗುತ್ತದೆ ಎಂಬುದಕ್ಕೂ ಇದೇ ನಗರ ಉತ್ತರ ಕೊಟ್ಟಿದೆ. ಎಡ್ಮಂಡ್ ಯೂ ವೈದ್ಯಕೀಯ ವಿದ್ಯಾರ್ಥಿಯಾಗಿದ್ದವರು. ಸ್ಕಿಜೋಫ್ರೇನಿಯಾ ಬಂದು ಓದು ನಿಂತಿತು, ನೆಲೆ ತಪ್ಪಿತು. 1997ರ ಫೆಬ್ರವರಿ 20ರಂದು ನಿಂತ ಬಸ್ಸೊಂದರಲ್ಲಿ, ಕೈಯಲ್ಲಿ ಸಣ್ಣ ಸುತ್ತಿಗೆ ಹಿಡಿದಿದ್ದ ಅವರನ್ನು ಪೊಲೀಸರು ಗುಂಡಿಟ್ಟು ಕೊಂದರು. ಆಗ ಅವರಿಗೆ 35 ವರ್ಷ. ಅವರ ಹೆಸರನ್ನು ಇಟ್ಟುಕೊಂಡ ‘ಎಡ್ಮಂಡ್ ಪ್ಲೇಸ್’ ಎಂಬ ವಸತಿಗೃಹ ಇಂದು ಪಾರ್ಕ್‌ಡೇಲ್‌ನಲ್ಲಿದೆ. ಬದುಕಿದ್ದಾಗ ಅವರಿಗೆ ಸಿಗದ ಸೂರು ಈಗ ಬೇರೆಯವರ ಚೇತರಿಕೆಗೆ ಆಸರೆಯಾಗಿದೆ.

ಇದನ್ನು ಕೇಳುವ ಕನ್ನಡಿಗರಿಗೆ ‘ಶರಪಂಜರ’ದ ಕಾವೇರಿಯ ನೆನಪಾಗದಿರದು. ತ್ರಿವೇಣಿಯವರ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ ತೆರೆಗೆ ತಂದಾಗ ಕಲ್ಪನಾ ಅಭಿನಯಿಸಿದ ಆ ಪಾತ್ರ, ಕನ್ನಡ ಜನಮನದಲ್ಲಿ ಹೆಚ್ಚಾಗಿ ಉಳಿದಿರುವುದು ಹುಚ್ಚಿನ ದೃಶ್ಯಗಳಿಗಾಗಿ. ಆದರೆ ಕಥೆಯ ಕೇಂದ್ರದಲ್ಲಿರುವುದು ಆಕೆಯ ಕಾಯಿಲೆಯಲ್ಲ, ಚೇತರಿಕೆ. ಬಾಣಂತನದ ನಂತರ ಕಾಯಿಲೆಬಿದ್ದ ಕಾವೇರಿ ಆಸ್ಪತ್ರೆಯಿಂದ ಸ್ವಸ್ಥಳಾಗಿಯೇ ಮನೆಗೆ ಬರುತ್ತಾಳೆ. ಮನೆ, ನೆರೆಹೊರೆ, ಗಂಡ ಯಾರೂ ಅದನ್ನು ನಂಬುವುದಿಲ್ಲ. ಆಕೆ ನಕ್ಕರೂ ಕಾಯಿಲೆ, ಅತ್ತರೂ ಕಾಯಿಲೆ, ಗಂಡನನ್ನು ಪ್ರಶ್ನಿಸಿದರೂ ಕಾಯಿಲೆ. ಚೇತರಿಕೆಗೆ ಒಬ್ಬ ಸಾಕ್ಷಿಯೂ ಸಿಗದ ಆ ಹೆಣ್ಣು ಕೊನೆಗೆ ಮತ್ತೆ ಆಸ್ಪತ್ರೆಯ ಪಾಲಾಗುತ್ತಾಳೆ. ಅರ್ಧ ಶತಮಾನದ ಹಿಂದೆಯೇ ಕನ್ನಡ ಕಲ್ಪನೆ ಇಷ್ಟು ಸ್ಪಷ್ಟವಾಗಿ ಹೇಳಿದ್ದನ್ನು ಕನ್ನಡ ಸಮಾಜ ಇನ್ನೂ ಪೂರ್ತಿಯಾಗಿ ಕೇಳಿಸಿಕೊಂಡಿಲ್ಲ.

ಹಾಗೆಂದು ಕರ್ನಾಟಕದ ಅನುಭವ ಬರಿಯ ಕತ್ತಲೆಯದಲ್ಲ. ಮನೆಯವರು ರೋಗಿಯ ಜೊತೆಯಲ್ಲಿಯೇ ಆಸ್ಪತ್ರೆಯಲ್ಲಿ ಉಳಿದು ಆರೈಕೆಯಲ್ಲಿ ಪಾಲ್ಗೊಳ್ಳುವ ಪದ್ಧತಿಗೆ ನಿಮ್ಹಾನ್ಸ್‌ನಲ್ಲಿ ದೀರ್ಘ ಇತಿಹಾಸವಿದೆ. ಅದೇ ಸಂಸ್ಥೆ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕವೇ ಮಾನಸಿಕ ಚಿಕಿತ್ಸೆ ತಲುಪಿಸಬಹುದೆಂದು ತೋರಿಸಿಕೊಟ್ಟ ಪ್ರಯೋಗ, ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ವಿಶ್ವ ಆರೋಗ್ಯ ಸಂಸ್ಥೆ 1960ರ ದಶಕದ ಕೊನೆಯಲ್ಲಿ ಒಂಬತ್ತು ದೇಶಗಳಲ್ಲಿ ಕೈಗೊಂಡ ಸ್ಕಿಜೋಫ್ರೇನಿಯಾ ಅಧ್ಯಯನದಲ್ಲಿ, ಭಾರತದ ಆಗ್ರಾ ಕೇಂದ್ರದ ರೋಗಿಗಳು ಶ್ರೀಮಂತ ದೇಶಗಳವರಿಗಿಂತ ಚೆನ್ನಾಗಿ ಚೇತರಿಸಿಕೊಂಡದ್ದು ಕಂಡುಬಂತು. ಈ ಫಲಿತಾಂಶವನ್ನು ನಂತರದ ವಿದ್ವಾಂಸರು ಪ್ರಶ್ನಿಸಿದ್ದಾರೆ, ಪ್ರಶ್ನಿಸುವುದು ಸರಿಯೂ ಹೌದು. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್ ಸಂಶೋಧಕರು ಮನೆಮನೆಯ ಮಟ್ಟದಲ್ಲಿ ಹುಡುಕಿದಾಗ, ಕುಟುಂಬದ ನಡುವೆಯೇ ಇದ್ದೂ ಚಿಕಿತ್ಸೆಯಿಲ್ಲದೆ ಉಳಿದವರು ಸಿಕ್ಕರು. ಚಿಕಿತ್ಸೆ ತಲುಪಿದಾಗ ಅವರ ನಿತ್ಯದ ಬದುಕಿನ ಅಸಾಮರ್ಥ್ಯ ತಗ್ಗಿತು. ಕುಟುಂಬ ಇದ್ದರೆ ಸಾಲದು, ಅದು ಬಾಗಿಲು ತೆರೆದಿರಬೇಕು.

ವಲಸೆಯ ಮನೆಗಳಲ್ಲಿ ಆ ಬಾಗಿಲು ಇನ್ನಷ್ಟು ಬಿಗಿಯಾಗಿ ಮುಚ್ಚುತ್ತದೆ. ಒಂಟಾರಿಯೊದ ಆಸ್ಪತ್ರೆಗಳ ದಾಖಲೆಗಳನ್ನು ಆಧರಿಸಿ ಮರಿಯಾ ಚಿಯು ಮತ್ತು ಸಹೋದ್ಯೋಗಿಗಳು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಚೀನೀ ಮತ್ತು ದಕ್ಷಿಣ ಏಷ್ಯಾ ಮೂಲದ ರೋಗಿಗಳು ಮನೋರೋಗಕ್ಕಾಗಿ ಆಸ್ಪತ್ರೆ ಸೇರುವಾಗ ಅವರ ಕಾಯಿಲೆ ಇತರರಿಗಿಂತ ಹೆಚ್ಚು ತೀವ್ರವಾಗಿರುತ್ತದೆ. ತಡಮಾಡಿ ಬರುವುದು ಇದಕ್ಕೆ ಒಂದು ಕಾರಣವಿರಬೇಕು. ಈ ವಿಳಂಬವನ್ನು ‘ಸಂಸ್ಕೃತಿ’ಯ ಮೇಲೆ ಹೊರಿಸಿ ಕೈತೊಳೆದುಕೊಳ್ಳುವುದು ಸುಲಭ. ಮದುವೆಯ ಮಾತುಕತೆ, ಊರಿನವರ ನಾಲಗೆ, ‘ನಮ್ಮ ಮನೆತನದಲ್ಲಿ ಯಾರಿಗೂ ಇರಲಿಲ್ಲ’ ಎಂಬ ಹಟ, ಇವೆಲ್ಲ ನಿಜವೇ. ಆದರೆ ವಿದೇಶಿ ವಿದ್ಯಾರ್ಥಿಗಳಿಗೆ ಪ್ರಾಂತದ ಆರೋಗ್ಯ ವಿಮೆ ದೊರೆಯದು ಎಂಬುದೂ ನಿಜ. ಮನೋವೈದ್ಯರ ಶುಲ್ಕವನ್ನು ಭರಿಸುವ ಆ ವಿಮೆ, ಖಾಸಗಿ ಮನಶ್ಶಾಸ್ತ್ರಜ್ಞರ ಶುಲ್ಕವನ್ನು ಭರಿಸದು. ವಲಸೆ ಕಾನೂನಿನಲ್ಲಿ ಆರೋಗ್ಯ ಸೇವೆಗೆ ‘ಅತಿಯಾದ ಹೊರೆ’ ಎಂಬ ಕಾರಣಕ್ಕೆ ಅರ್ಜಿ ನಿರಾಕರಿಸುವ ನಿಯಮವಿದೆ. 2018ರಲ್ಲಿ ವೆಚ್ಚದ ಮಿತಿಯನ್ನು ಮೂರು ಪಟ್ಟು ಏರಿಸಿ ಸಡಿಲಿಸಿದರೂ ಅದರ ಭಯ ಸಡಿಲವಾಗಿಲ್ಲ. ಹೀಗಿರುವಾಗ ಬ್ರಾಂಪ್ಟನ್ನಿನ ನೆಲಮಾಳಿಗೆಯ ಬಾಡಿಗೆ ಕೋಣೆಯಲ್ಲಿ ನಿದ್ದೆಗೆಟ್ಟ ವಿದ್ಯಾರ್ಥಿಯೊಬ್ಬ ತನಗೆ ದನಿಗಳು ಕೇಳಿಸುತ್ತಿವೆ ಎಂದು ಯಾರಿಗೆ ಹೇಳಬೇಕು? ಜನಾಂಗೀಯ ಅಲ್ಪಸಂಖ್ಯಾತರ ಮಾನಸಿಕ ಆರೋಗ್ಯಕ್ಕಾಗಿ 1995ರಲ್ಲಿ ಟೊರೊಂಟೊದಲ್ಲಿ ಹುಟ್ಟಿದ ‘ಅಕ್ರಾಸ್ ಬೌಂಡರೀಸ್’ನಂತಹ ಸಂಸ್ಥೆಗಳ ಹೆಸರು ಎಷ್ಟು ಕನ್ನಡ ಮನೆಗಳಿಗೆ ತಿಳಿದಿದೆ?

ಇಲ್ಲಿ ಒಂದು ಎಚ್ಚರಿಕೆಯ ಮಾತೂ ಅಗತ್ಯ. ‘ಚೇತರಿಕೆ’ ಎಂಬ ಪದವನ್ನು ಈ ಅರ್ಥದಲ್ಲಿ ಕಟ್ಟಿದವರು ಕಾಯಿಲೆಯನ್ನು ಅನುಭವಿಸಿದವರೇ. ಹದಿಹರೆಯದಲ್ಲಿ ಸ್ಕಿಜೋಫ್ರೇನಿಯಾ ಎಂದು ಗುರುತಿಸಲ್ಪಟ್ಟು, ಮುಂದೆ ಮನಶ್ಶಾಸ್ತ್ರಜ್ಞೆಯಾದ ಪೆಟ್ರೀಷಿಯಾ ಡೀಗನ್ 1988ರ ಲೇಖನದಲ್ಲಿ, ಪುನರ್ವಸತಿ ಇತರರು ಒದಗಿಸುವ ಸೇವೆ, ಚೇತರಿಕೆ ವ್ಯಕ್ತಿಯೇ ಬದುಕುವ ಅನುಭವ ಎಂದು ಬೇರ್ಪಡಿಸಿ ತೋರಿಸಿದರು. ಕನ್ನಡದ ಕ್ರಿಯಾಪದ ಹೇಳುವುದೂ ಇದನ್ನೇ. ಆದರೆ ಆ ಪದ ಸರ್ಕಾರಿ ದಸ್ತಾವೇಜುಗಳನ್ನು ಸೇರಿದಾಗ ‘ಬೇಗ ಗುಣವಾಗಿ, ಸೇವೆ ಬಿಟ್ಟು ಹೋಗಿ’ ಎಂಬ ಒತ್ತಡವಾಗಿ ತಿರುಗಬಲ್ಲದು. ಮತ್ತೊಂದು ಕಡೆ, ಚೇತರಿಸಿಕೊಂಡವರ ಕಥೆಗಳು ದೇಣಿಗೆ ಎತ್ತುವ ಸರಕಾಗುತ್ತವೆ. ಇದನ್ನು ವಿರೋಧಿಸಿ 2011ರಲ್ಲಿ ಟೊರೊಂಟೊದಲ್ಲಿಯೇ ಮನೋರೋಗ ವ್ಯವಸ್ಥೆಯನ್ನು ದಾಟಿ ಬಂದವರು ಒಂದು ಸಭೆ ಸೇರಿದರು. ಕಥೆ ಯಾರದು, ಅದರಿಂದ ಲಾಭ ಯಾರಿಗೆ, ಕೋಪದ ಕಥೆಗಳಿಗೇಕೆ ವೇದಿಕೆಯಿಲ್ಲ ಎಂಬುದು ಅವರ ಪ್ರಶ್ನೆಯಾಗಿತ್ತು. ಸಾಕ್ಷಿಯಾಗುವುದೆಂದರೆ ಕಥೆಯನ್ನು ಕಿತ್ತುಕೊಳ್ಳುವುದಲ್ಲ. ಹೇಳದೆ ಇರುವ ಹಕ್ಕನ್ನೂ ಕಾಯುವುದು ಸಾಕ್ಷಿಯ ಧರ್ಮ.

ಹಾಗಾದರೆ ಆಗಬೇಕಾದದ್ದೇನು? ನರ್ಸಿಂಗ್ ವಿದ್ಯಾರ್ಥಿಗಳ ತರಬೇತಿ ತೀವ್ರ ಚಿಕಿತ್ಸೆಯ ವಾರ್ಡಿಗೆ ಸೀಮಿತವಾಗಬಾರದು. ಚೇತರಿಸಿಕೊಂಡವರು ದುಡಿಯುವ, ಕೂಡಿ ಉಣ್ಣುವ, ಒಬ್ಬರಿಗೊಬ್ಬರು ನೆರವಾಗುವ ತಾಣಗಳಲ್ಲಿಯೂ ಅದು ನಡೆಯಬೇಕು. ಅಲ್ಲಿ ಆ ಜನರೇ ಗುರುಗಳಾಗಿ, ಗುರುಗಳಿಗೆ ಸಲ್ಲುವ ಸಂಭಾವನೆ ಪಡೆಯಬೇಕು. ಕೆನಡಾದ ಮಾನಸಿಕ ಆರೋಗ್ಯ ಆಯೋಗ 2009ರಲ್ಲಿ ಆರಂಭಿಸಿದ ‘ಓಪನಿಂಗ್ ಮೈಂಡ್ಸ್’ ಕಾರ್ಯಕ್ರಮ, ಕಳಂಕದ ಭಾವನೆಯನ್ನು ತೊಡೆಯಬೇಕಾದವರ ಸಾಲಿನಲ್ಲಿ ಆರೋಗ್ಯ ಸಿಬ್ಬಂದಿಯನ್ನೂ ಸೇರಿಸಿತು. ಚೇತರಿಸಿಕೊಂಡವರೊಡನೆ ಮುಖಾಮುಖಿ ಭೇಟಿಯೇ ಅದು ಆರಿಸಿಕೊಂಡ ದಾರಿ. ಆ ದಾರಿ ಸರಿಯಾದದ್ದು, ಆದರೆ ಒಂದು ಮಧ್ಯಾಹ್ನದ ಭೇಟಿ ಸಾಲದು.

ಕನ್ನಡ ಸಂಘಗಳಿಗೂ ಪಾಲಿದೆ. ರಾಜ್ಯೋತ್ಸವ, ಯುಗಾದಿಯ ವೇದಿಕೆಗಳಲ್ಲಿ ಸಕ್ಕರೆ ಕಾಯಿಲೆ, ಹೃದ್ರೋಗದ ಬಗ್ಗೆ ಮಾತಾಡಲು ವೈದ್ಯರನ್ನು ಕರೆಯುವುದುಂಟು. ಸ್ಕಿಜೋಫ್ರೇನಿಯಾದಿಂದ ಚೇತರಿಸಿಕೊಂಡ ಕನ್ನಡಿಗರು, ಅವರು ಇಷ್ಟಪಟ್ಟಲ್ಲಿ, ಅದೇ ವೇದಿಕೆಯ ಮೇಲೆ ಕೂರುವಂತಾಗಬೇಕು. ಕಾಯಿಲೆಯ ಮಾದರಿಯಾಗಿ ಅಲ್ಲ, ಬದುಕನ್ನು ಬಲ್ಲವರಾಗಿ. ಮಿಸ್ಸಿಸಾಗದ, ಮಿಲ್ಟನ್ನಿನ ಕನ್ನಡ ಮನೆಯೊಂದರಿಂದ ನರ್ಸಿಂಗ್ ಓದಲು ಹೊರಟ ಮಗಳು ಸಂಜೆ ಮನೆಗೆ ಮರಳಿ, ‘ಇವತ್ತು ಒಬ್ಬರು ಚೇತರಿಸಿಕೊಳ್ಳುತ್ತಿರುವುದನ್ನು ನೋಡಿದೆ’ ಎಂದರೆ, ಆ ಮಾತನ್ನು ನಡುವೆ ತಡೆಯದೆ ಕೇಳುವ ಹಿರಿಯರು ಆ ಮನೆಯಲ್ಲಿರಬೇಕು. ಅದೇ ಮನೆಯ ಮೇಲಂತಸ್ತಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡ ಒಬ್ಬ ಅಣ್ಣನೋ ಅತ್ತೆಯೋ ಆ ಮಾತನ್ನು ಕೇಳಿಸಿಕೊಳ್ಳುತ್ತಿರಬಹುದು.